ಗ್ರಂಥಾಲಯ ಸಮ್ಮೇಳನಗಳೂ ಅವುಗಳ ವಾಙ್ಮಯವೂ

1

ಜನರು ಒಂದೆಡೆ ಕೂಡಿ ತಮ್ಮ ಬಾಳನ್ನೂ ಕಾಯಕವನ್ನೂ ಕುರಿತು ಮಾತನಾಡುವುದೂ, ಆ ಮಾತನ್ನು ಮುಂದಿನವರಿಗಾಗಿ ಬರೆದಿಡುವುದೂ ಕನ್ನಡ ವಾಙ್ಮಯಕ್ಕೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯು ಅಂತಹ ಒಂದು ಬರಹ. ತನಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ ಇದ್ದ ಶರಣರ ವಚನಗಳನ್ನು ಆಯ್ದು, ಅವುಗಳನ್ನು ಸಂವಾದವಾಗಿ ಹೆಣೆದು, ನಡುನಡುವೆ ಗದ್ಯದ ಕೊಂಡಿಗಳನ್ನಿಟ್ಟು, ಆತನು ಕಲ್ಯಾಣದ ಗೋಷ್ಠಿಯನ್ನು ಮರಳಿ ಕಟ್ಟಿದನು. ಆತನ ತರುವಾಯ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣ್ಣ ಇವರು ಅದೇ ಗ್ರಂಥವನ್ನು ಬೇರೆ ಬೇರೆಯಾಗಿ ಪರಿಷ್ಕರಿಸಿದರು. ಅನುಭವಮಂಟಪವು ಒಂದು ಕಟ್ಟಡವಾಗಿದ್ದಿತೆ, ಅಥವಾ ಒಂದು ಕೂಟದ ಹೆಸರು ಮಾತ್ರವೆ ಎಂಬ ವಿಚಾರದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಆ ವಿವಾದವು ಹೇಗೇ ತೀರಲಿ, ಸಭೆಯ ಮಾತು ಸಾಹಿತ್ಯವಾಗಬಲ್ಲುದೆಂಬುದಕ್ಕೆ ಶೂನ್ಯಸಂಪಾದನೆಯು ಕನ್ನಡದಲ್ಲಿರುವ ಮಹತ್ತಾದ ನಿದರ್ಶನವೆಂಬುದು ನಿರ್ವಿವಾದ.

ಆ ಗ್ರಂಥದಲ್ಲಿ ಮಾತನಾಡುವವರು ಯಾರೆಂಬುದನ್ನು ಗಮನಿಸತಕ್ಕುದು. ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು. ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವವರು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸುವವನು. ಇವರು ಪಂಡಿತರ ಉಪದೇಶವನ್ನು ಕೈಕಟ್ಟಿ ಕೇಳುವ ಶ್ರೋತೃಗಳಲ್ಲ. ಗಂಡನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅವನನ್ನು ತಿದ್ದುವಳು. ಅಲ್ಲಮನು ಸಿದ್ಧರಾಮನ ಕೆರೆಯ ಕೆಲಸವನ್ನೇ ಪ್ರಶ್ನೆಗೆ ಒಡ್ಡುವನು. ಆ ಪ್ರಶ್ನೆಯಿಂದ ಒಡ್ಡರು ಸಿಟ್ಟಾಗುವರು, ಸಿದ್ಧರಾಮನು ಬದಲಾಗುವನು. ಮಾಡುವ ಕೆಲಸವೂ ಆಡುವ ಮಾತೂ ಒಂದನ್ನೊಂದು ಪರೀಕ್ಷಿಸುವುದೇ ಆ ಗೋಷ್ಠಿಯ ಜೀವ. ಸಭೆಗೆ ಬರುವ ಮುನ್ನ ಇದ್ದ ಅಭಿಪ್ರಾಯವು ಸಭೆಯಿಂದ ಏಳುವಾಗ ಇರುವುದಿಲ್ಲ.

ಪ್ರಕೃತ ಕಾಲದಲ್ಲಿ ಸಮ್ಮೇಳನಗಳ ಸಂಖ್ಯೆಯೂ ಅವುಗಳಿಂದ ಹೊರಡುವ ಪ್ರಬಂಧ ಸಂಪುಟಗಳ ಗಾತ್ರವೂ ಬೆಳೆಯುತ್ತಲೇ ಇವೆ. ಇಷ್ಟು ವಿಪುಲವಾದ ಒಂದು ಬರವಣಿಗೆಯ ಜಾತಿಯನ್ನು ಸಾಹಿತ್ಯ ವಿಮರ್ಶಕರು ತಮ್ಮ ವಿಷಯವೆಂದು ಪರಿಗಣಿಸಿಲ್ಲ. ಶಾಸ್ತ್ರದವರು ಅದನ್ನು ಗದ್ಯವೆಂದೇ ಎಣಿಸಿಲ್ಲ. ಹೀಗಾಗಿ ಅದು ಇಬ್ಬರ ಕಣ್ಣಿಗೂ ಬೀಳದೆ ಉಳಿದಿದೆ. ಆ ವಾಙ್ಮಯದಲ್ಲಿ ಒಂದು ಭಾಗವನ್ನು, ಎಂದರೆ ಗ್ರಂಥಾಲಯಗಳನ್ನೂ ಅವುಗಳ ಯಂತ್ರಸಾಧನಗಳನ್ನೂ ಕುರಿತ ಸಮ್ಮೇಳನಗಳ ವಾಙ್ಮಯವನ್ನು, ಇಲ್ಲಿ ಪರೀಕ್ಷೆಗೆ ಎತ್ತಿಕೊಳ್ಳಲಾಗಿದೆ. ಪುಸ್ತಕವನ್ನು ಕಾಯುವವರು ಕೂಡಿದಾಗ ಹುಟ್ಟುವ ಪುಸ್ತಕವು ಎಂತಹದೆಂಬ ಪ್ರಶ್ನೆಯು ಸಾಹಿತ್ಯದ ಅಧ್ಯಾಪಕರಿಗೆ ಹೊರಗಿನದಾಗಲಾರದು.

2

ಈ ಪರೀಕ್ಷೆಗೆ ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕನ್ನು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಪುಸ್ತಕದ ಚರಿತ್ರೆಯಲ್ಲಿ ಈ ಕಾಡಿನ ಸೀಮೆಗೆ ಒಂದು ಹಳೆಯ ಸ್ಥಾನವಿದೆ. ಕಲ್ಯಾಣದ ಕ್ಷೋಭೆಯ ತರುವಾಯ ಚನ್ನಬಸವಣ್ಣನೂ ಅವನೊಡನಿದ್ದ ಶರಣರೂ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಗೆ ಬಂದರೆಂದು ಐತಿಹ್ಯವು ಹೇಳುತ್ತದೆ. ಚನ್ನಬಸವಣ್ಣನ ಸಮಾಧಿಯಿರುವ ಉಳವಿಯು ಇಂದಿಗೂ ಈ ತಾಲ್ಲೂಕಿನ ಪ್ರಸಿದ್ಧ ಕ್ಷೇತ್ರ. ಐತಿಹ್ಯದ ಪ್ರತಿಯೊಂದು ವಿವರವನ್ನೂ ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೂ ಬರಹವನ್ನು ಉಳಿಸುವುದು ಪ್ರಾಣವನ್ನು ಉಳಿಸುವಷ್ಟೇ ತುರ್ತಿನ ಕೆಲಸವೆಂಬ ಭಾವನೆಯನ್ನು ಜನರು ಈ ನೆಲದ ಮೇಲೆ ಇರಿಸಿದ್ದಾರೆಂಬುದು ಗಮನಾರ್ಹ.

ಎರಡನೆಯದು ಈಚಿನ ಸಂಗತಿ. ಪಕ್ಕದ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯು ಈ ಸುತ್ತಿನ ಕಾಡುಗಳ ಬಿದಿರನ್ನು ನಂಬಿ ಹುಟ್ಟಿದುದು. ಎಷ್ಟೋ ಶಾಲೆಗಳ ಪುಸ್ತಕಕ್ಕೂ ಕಚೇರಿಗಳ ಕಡತಕ್ಕೂ ಹಾಳೆಯಾದುದು ಕಾಳೀ ಕಣಿವೆಯ ಬಿದಿರು. ಮೂರನೆಯದು ತಾಲ್ಲೂಕಿನ ಹೆಸರಿನಲ್ಲಿಯೇ ಅಡಗಿದೆ. ಕಾಳಿಯೂ ಪಾಂಡರಿಯೂ ಕೂಡುವಲ್ಲಿದ್ದ ಸೂಪಾ ಪಟ್ಟಣವು ಮೊದಲು ತಾಲ್ಲೂಕಿನ ಮುಖ್ಯಸ್ಥಳವಾಗಿದ್ದಿತು. ವಿದ್ಯುತ್ತಿಗಾಗಿ ಕಟ್ಟಿದ 101 ಮೀಟರು ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಪಟ್ಟಣವು ಮುಳುಗಿ, ಕಚೇರಿಗಳು ಜೊಯಿಡಾಕ್ಕೆ ಬಂದವು. ನಾಡಿಗೆ ಕಾಗದವನ್ನೂ ಬೆಳಕನ್ನೂ ಒದಗಿಸಿದ ಈ ಸೀಮೆಗೆ ಪುಸ್ತಕವೂ ಬೆಳಕೂ ಮರಳಿ ಎಷ್ಟು ಬಂದುವೆಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯು ನ್ಯಾಯವಾದುದೇ.

ಈಗ ಇಲ್ಲಿಯ ಗ್ರಂಥಾಲಯದ ಕೆಲಸವನ್ನು ನೋಡಬಹುದು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ರಾಜ್ಯದಲ್ಲಿ ಗ್ರಂಥಾಲಯದ ಇಲಾಖೆಗೂ ಗ್ರಂಥಾಲಯದ ಕರಕ್ಕೂ ಆಧಾರವನ್ನು ಒದಗಿಸಿತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಬಹುಕಾಲ ಆ ಇಲಾಖೆಯಲ್ಲಿದ್ದು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. ರಾಜ್ಯದಲ್ಲಿ ಇವುಗಳ ಸಂಖ್ಯೆ ಐದು ಸಾವಿರದ ಆರುನೂರರ ಆಸುಪಾಸಿನಲ್ಲಿದ್ದಿತು. 2020ರ ನವೆಂಬರಿನಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮವು ಪ್ರಾರಂಭವಾಯಿತು. ತರುವಾಯ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ'ವೆಂಬ ಹೆಸರು ಬಂದು, ಹಲವಕ್ಕೆ ಗಣಕಯಂತ್ರಗಳೂ ಅಂತರ್ಜಾಲದ ಸಂಪರ್ಕವೂ ಒದಗಿದುವು.

ಈ ಕೇಂದ್ರಗಳನ್ನು ನಡೆಸುವವರ ಪದವಿ 'ಮೇಲ್ವಿಚಾರಕರು' ಎಂಬುದು. ಬಹುಕಾಲ ಗೌರವಧನದ ಮೇಲೆ ದುಡಿದವರು ಇವರು. ಬಾಗಿಲು ತೆರೆಯುವುದು, ಪತ್ರಿಕೆಗಳನ್ನು ಜೋಡಿಸುವುದು, ಪುಸ್ತಕ ಕೊಡುವುದು, ಪುಸ್ತಕದ ವಿವರಗಳನ್ನು ಗಣಕಕ್ಕೆ ಏರಿಸುವುದು, ಮಕ್ಕಳಿಗೆ ಯಂತ್ರವನ್ನು ತೋರಿಸಿಕೊಡುವುದು, ಯಂತ್ರವು ಕೆಟ್ಟರೆ ತಮಗೆ ತಿಳಿದಷ್ಟು ಸರಿಪಡಿಸುವುದು, ಇವೆಲ್ಲವೂ ಸಾಮಾನ್ಯವಾಗಿ ಒಬ್ಬರದೇ ಹೊಣೆ. ಗ್ರಂಥಾಲಯ ತಂತ್ರಜ್ಞರೆಂಬ ಹೆಸರು ಅವರಿಗಿಲ್ಲ. ಕೆಲಸ ಮಾತ್ರ ಅದೇ. ಜೊಯಿಡಾದಂತಹ ಕಡೆ ಈ ಕೆಲಸಕ್ಕೆ ಬೇರೆಲ್ಲಿಯೂ ಕಾಣದ ತೊಡಕುಗಳು ಸೇರುತ್ತವೆ. ಊರುಗಳು ಕಾಡಿನೊಳಗೆ ಚೆದುರಿದ ಮಜರೆಗಳು. ಎಷ್ಟೋ ಕಡೆ ಮೊಬೈಲ್ ಸಂಪರ್ಕವು ಸಿಕ್ಕದು. ಮಳೆಗಾಲದ ತೇವಕ್ಕೆ ಕಾಗದವು ಬೂಷ್ಟು ಹಿಡಿಯುವುದು, ಯಂತ್ರವು ತುಕ್ಕು ಹಿಡಿಯುವುದು. ಕುಣಬಿ ಮುಂತಾದ ಜನರ ಮನೆಮಾತು ಕೊಂಕಣಿಯಾದುದರಿಂದ ಎಷ್ಟೋ ಮಕ್ಕಳಿಗೆ ಕನ್ನಡದ ಪುಸ್ತಕವು ಎರಡನೆಯ ಭಾಷೆಯ ಪುಸ್ತಕ. ಇಂತಹ ಕಡೆ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನು ಬಲ್ಲವರು ಅಲ್ಲಿ ಕುಳಿತು ಕೆಲಸ ಮಾಡುವವರೇ. ಅವರ ಅರಿವು ಸಮ್ಮೇಳನದ ಸಂಪುಟವನ್ನು ಸೇರುವ ದಾರಿ ಯಾವುದು?

3

ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಗ್ರಂಥಾಲಯ ಸಮ್ಮೇಳನಗಳ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ. 1919ರ ನವೆಂಬರ್ 14ರಂದು ಮದರಾಸಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವು ಮೊದಲ ಬಾರಿಗೆ ಕೂಡಿತು; ಬಡೋದೆಯ ಜೆ. ಎಸ್. ಕುಡಾಳಕರರು ಅದಕ್ಕೆ ಅಧ್ಯಕ್ಷರಾಗಿದ್ದರು. ಇಂದಿಗೂ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವು ಆ ತೇದಿಯಿಂದಲೇ ಪ್ರಾರಂಭವಾಗುತ್ತದೆ. ಕನ್ನಡನಾಡಿನ ಮಟ್ಟಿಗೆ ಮುಖ್ಯವಾದುದು 1924ರ ಬೆಳಗಾವಿಯ ಸಮ್ಮೇಳನ. ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಕಾಂಗ್ರೆಸ್ ಮಹಾಸಭೆಯು ಕೂಡಿದ ಸಂದರ್ಭದಲ್ಲಿಯೇ ಗ್ರಂಥಾಲಯ ಸಮ್ಮೇಳನವೂ ನಡೆಯಿತು. ದೇಶಬಂಧು ಚಿತ್ತರಂಜನ ದಾಸರು ಅಧ್ಯಕ್ಷಪೀಠದಲ್ಲಿದ್ದರು.

ಬೆಳಗಾವಿಯು ಆಗಿನ ಸೂಪಾ ಸೀಮೆಗೆ ನೆರೆಯ ನಾಡು. ಎರಡೂ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ದೇಶದ ನಾಯಕರು ಗ್ರಂಥಾಲಯವನ್ನು ಸ್ವರಾಜ್ಯದ ಅಂಗವೆಂದು ಭಾವಿಸಿದುದು ಆ ಕಾಲದ ಹಿರಿಮೆ. ಪುಸ್ತಕಗಳ ಒಂದು ಕೋಣೆಯು ರಾಷ್ಟ್ರದ ಪ್ರಶ್ನೆಯಾಯಿತು. ಆದರೆ ಅಧ್ಯಕ್ಷಪೀಠದಲ್ಲಿದ್ದವರು ಗ್ರಂಥಪಾಲರಲ್ಲ, ದೇಶನಾಯಕರು. ಅಂತಹ ಸಭೆಯಿಂದ ಉತ್ಸಾಹವನ್ನೂ ಘೋಷಣೆಯನ್ನೂ ನಿರೀಕ್ಷಿಸಬಹುದು. ಪುಸ್ತಕದ ಬೆನ್ನಿಗೆ ಸಂಖ್ಯೆಯನ್ನು ಹೇಗೆ ಬರೆಯಬೇಕೆಂಬುದನ್ನು ನಿರೀಕ್ಷಿಸಲಾಗದು.

ಆ ಎರಡನೆಯ ಕೆಲಸಕ್ಕೆ ಸಿದ್ಧನಾಗುತ್ತಿದ್ದ ಪುರುಷನು ಬೆಳಗಾವಿಯ ಸಭೆಯು ಕೂಡಿದಾಗ ಇಂಗ್ಲೆಂಡಿನಲ್ಲಿದ್ದನೆಂಬುದು ಒಂದು ವಿಲಕ್ಷಣವಾದ ಯೋಗ. ಎಸ್. ಆರ್. ರಂಗನಾಥನ್ ಅವರು 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ, ಅದೇ ವರ್ಷ ಲಂಡನಿಗೆ ಹೋಗಿ, ಅಲ್ಲಿಯ ಗ್ರಂಥಾಲಯಗಳ ನಡವಳಿಯನ್ನು ಕಣ್ಣಾರೆ ಕಂಡು, 1925ರಲ್ಲಿ ಹಿಂದಿರುಗಿದರು. ಒಂದು ಧಾರೆಯು ದೇಶಭಕ್ತಿಯದು, ಇನ್ನೊಂದು ಶಾಸ್ತ್ರದ್ದು. ಮುಂದಿನ ಕಾಲದಲ್ಲಿ ಎರಡನೆಯದೇ ಪ್ರಬಲವಾಯಿತು. 1933ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಗ್ರಂಥಾಲಯ ಸಂಘವು ಹುಟ್ಟಿತು. 1939ರಲ್ಲಿ ಮುಂಬಯಿ ಸರ್ಕಾರವು ಎ. ಎ. ಎ. ಫೈಜಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದು ಸೂಚಿಸಿದ ಏರ್ಪಾಡು ರಾಜಧಾನಿಯಿಂದ ಪ್ರಾರಂಭವಾಗಿ ಜಿಲ್ಲೆ, ತಾಲ್ಲೂಕು, ಹಳ್ಳಿ ಎಂದು ಇಳಿಯುವ ಮೆಟ್ಟಿಲುಗಳದು. ಮೇಲಿನಿಂದ ಇಳಿಯುವ ಮೆಟ್ಟಿಲಿನಲ್ಲಿ ಸೂಪಾದಂತಹ ಸ್ಥಳವು ಯಾವಾಗಲೂ ಕಡೆಯದೇ.

ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಪ್ರಾರಂಭಿಸಿದರು; 1972ರಲ್ಲಿ ತಾವು ತೀರಿಕೊಳ್ಳುವವರೆಗೂ ಆ ನಗರದಲ್ಲಿಯೇ ದುಡಿದರು. ಆ ಕೇಂದ್ರದ ವಾರ್ಷಿಕ ವಿಚಾರಗೋಷ್ಠಿಗಳಿಂದ ಕರ್ನಾಟಕವು ಗ್ರಂಥಾಲಯ ಶಾಸ್ತ್ರದ ಭೂಪಟದಲ್ಲಿ ಕಾಣಿಸಿಕೊಂಡಿತು. ಗಣಕಯಂತ್ರವು ಗ್ರಂಥಾಲಯವನ್ನು ಹೊಕ್ಕಮೇಲೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯು 1994ರಲ್ಲಿ 'ಕ್ಯಾಲಿಬರ್' ಎಂಬ ಸಮ್ಮೇಳನವನ್ನು ಆರಂಭಿಸಿತು. ಈ ಸಭೆಗಳಿಂದ ಆದ ಉಪಕಾರವು ಸಣ್ಣದಲ್ಲ. ಆದರೆ ಎಪ್ಪತ್ತು ವರ್ಷಗಳಲ್ಲಿ ಆದ ಬದಲಾವಣೆಯನ್ನು ಒಂದು ಮಾತಿನಲ್ಲಿ ಹೇಳಬಹುದಾದರೆ ಅದು ಹೀಗಿದೆ: ನಾಯಕನು ಎದ್ದುಹೋದ ಪೀಠದಲ್ಲಿ ತಜ್ಞನು ಕುಳಿತನು, ಪೀಠದ ಮುಂದಣ ಜಮಖಾನೆಯಲ್ಲಿಯೂ ಕೆಲಸಗಾರನಿಗೆ ಸ್ಥಳವು ಅಪೂರ್ವವಾಗಿಯೇ ಉಳಿಯಿತು.

4

ಇಷ್ಟು ಚರಿತ್ರೆಯನ್ನು ಹೇಳಿದುದು ಆ ಸಭೆಗಳ ಬರವಣಿಗೆಯ ಗುಣವನ್ನು ವಿಚಾರಿಸುವುದಕ್ಕಾಗಿ. ಮೊದಲು ಒಳ್ಳೆಯ ಮಾದರಿಯನ್ನು ನೋಡಬಹುದು. ರಂಗನಾಥನ್ ಅವರ ಪಂಚಸೂತ್ರಗಳು ವಿದ್ವಜ್ಜನರ ಏಕಾಂತದಲ್ಲಿ ಹುಟ್ಟಿ ಅಲ್ಲಿಯೇ ನಿಂತವಲ್ಲ. 1928ರಲ್ಲಿ ಚಿದಂಬರದ ಮೀನಾಕ್ಷಿ ಕಾಲೇಜಿನಲ್ಲಿ ಉಪಾಧ್ಯಾಯರು ಕೂಡಿದ ಶಿಕ್ಷಣ ಸಮ್ಮೇಳನದಲ್ಲಿ ಅವುಗಳನ್ನು ಅವರು ಬಹಿರಂಗವಾಗಿ ವಿವರಿಸಿದರು. 1931ರಲ್ಲಿ ಅವು ಗ್ರಂಥರೂಪವಾಗಿ ಹೊರಬಂದುವು. ಆ ಗ್ರಂಥವನ್ನು ಓದಿದವರು ಅದರ ಗದ್ಯದ ಒಂದು ವಿಶೇಷವನ್ನು ಮರೆಯಲಾರರು. ಅದರಲ್ಲಿ ಸೂತ್ರಗಳು ಕೇವಲ ವಿಧಿಗಳಲ್ಲ, ಪಾತ್ರಗಳು. ಅವು ಮಾತನಾಡುತ್ತವೆ, ವಾದಿಸುತ್ತವೆ, ಊರಿಂದೂರಿಗೆ ಪ್ರಯಾಣ ಮಾಡುತ್ತವೆ. ಓದುಗನೂ ಗ್ರಂಥಪಾಲನೂ ಅಧಿಕಾರಿಯೂ ಅದರಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಗಣಿತವನ್ನು ಕಲಿತು ಬೋಧಿಸಿದ ಲೇಖಕನು ತನ್ನ ಶಾಸ್ತ್ರವನ್ನು ಸಂವಾದದ ರೂಪದಲ್ಲಿ ಬರೆದುದು ಅಲಂಕಾರಕ್ಕಾಗಿ ಅಲ್ಲ. ಗ್ರಂಥಾಲಯವೆಂಬುದು ಇಬ್ಬರ ನಡುವೆ ನಡೆಯುವ ಕೊಡುಕೊಳೆಯಾದುದರಿಂದ ಅದನ್ನು ಕುರಿತ ಬರಹವೂ ಇಬ್ಬರ ಮಾತಾಗಿಯೇ ಇರಬೇಕೆಂಬುದು ಅದರ ಒಳಗಿನ ನ್ಯಾಯ. ಈ ದೃಷ್ಟಿಯಿಂದ ನೋಡಿದರೆ ಪಂಚಸೂತ್ರಗಳ ಗ್ರಂಥಕ್ಕೂ ಶೂನ್ಯಸಂಪಾದನೆಗೂ ಒಂದು ದೂರದ ನಂಟು ಕಾಣುವುದು.

ಈಗಿನ ಸಮ್ಮೇಳನ ಪ್ರಬಂಧದ ಸಾಮಾನ್ಯ ಲಕ್ಷಣಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸವು ಕೂಡಲೆ ತಿಳಿಯುವುದು. ಮೊದಲನೆಯದಾಗಿ, ಅದರಲ್ಲಿ ಕರ್ತೃವಿಲ್ಲ. ಎಲ್ಲವೂ ಮಾಡಲ್ಪಟ್ಟಿರುತ್ತದೆ, ಮಾಡಿದವರು ಇರುವುದಿಲ್ಲ. ಎರಡನೆಯದಾಗಿ, ಅದರಲ್ಲಿ ಸೋಲಿಲ್ಲ. ಯಂತ್ರವನ್ನು ಸ್ಥಾಪಿಸಲಾಯಿತು, ಪ್ರಯೋಜನವಾಯಿತು ಎಂಬಲ್ಲಿಗೆ ಕಥೆಯು ಮುಗಿಯುವುದು. ಮೂರು ತಿಂಗಳ ಮೇಲೆ ಅದೇ ಯಂತ್ರವು ಮುಸುಕು ಹೊದ್ದು ಮೂಲೆಗೆ ಸೇರಿದ್ದರೆ ಅದನ್ನು ಬರೆಯುವ ಪ್ರಕರಣವೇ ಆ ರಚನೆಯಲ್ಲಿಲ್ಲ. ಮೂರನೆಯದಾಗಿ, ಅದು ಎಣಿಕೆಯನ್ನು ಅನುಭವವೆಂದು ಭ್ರಮಿಸುವುದು. ಪ್ರಶ್ನಾವಳಿಯನ್ನು ಹಂಚಿ, ಉತ್ತರಗಳನ್ನು ನೂರಕ್ಕೆ ಇಷ್ಟೆಂದು ವಿಂಗಡಿಸಿದಮೇಲೆ, ಉತ್ತರ ಕೊಟ್ಟವನ ಮಾತು ಎಲ್ಲಿಯೂ ಉಳಿಯದು. ನಾಲ್ಕನೆಯದಾಗಿ, ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದು. ಕನ್ನಡ ಪುಸ್ತಕಗಳನ್ನು ಕನ್ನಡ ಓದುಗರಿಗೆ ಕನ್ನಡದಲ್ಲಿ ಕೊಡುವವರ ಕೆಲಸವನ್ನು ಕುರಿತ ಚರ್ಚೆಯು ಅವರಿಗೇ ಅಡಚಣೆಯಾದ ಭಾಷೆಯಲ್ಲಿ ನಡೆದರೆ, ಅವರು ಅಲ್ಲಿ ವಿಷಯವಾಗಿ ಇರಬಲ್ಲರೇ ಹೊರತು ವಕ್ತಾರರಾಗಲಾರರು.

ಈ ಆಕ್ಷೇಪಣೆಯು ಶೈಲಿಯೊಂದರ ಮೇಲಿನದಲ್ಲ. ಕೆಲಸಗಾರರ ಮಾತು ಇಲ್ಲದ ಕಡೆ ಶಾಸ್ತ್ರವೇ ತಪ್ಪುವುದು. ಎರಡು ಉದಾಹರಣೆಗಳನ್ನು ನೋಡಬಹುದು. ಓದುಗನೊಬ್ಬನು ಬಂದು ಬೇಂದ್ರೆಯವರ ಪುಸ್ತಕ ಬೇಕೆಂದು ಕೇಳುವನೆನ್ನೋಣ. ಸೂಚಿಯಲ್ಲಿ ಒಂದು ಪುಸ್ತಕವು ದ. ರಾ. ಬೇಂದ್ರೆ ಎಂದೂ, ಇನ್ನೊಂದು ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂದೂ, ಮತ್ತೊಂದು ಅಂಬಿಕಾತನಯದತ್ತ ಎಂದೂ ಇದ್ದರೆ ಗಣಕದ ಕಣ್ಣಿಗೆ ಅವರು ಮೂವರು. ಪಾಶ್ಚಾತ್ಯರ ಕುಲನಾಮಗಳನ್ನು ಮುಂದಿಟ್ಟು ರಚಿಸಿದ ನಿಯಮವು ಕಾವ್ಯನಾಮಗಳ ಈ ನಾಡಿನಲ್ಲಿ ಎಲ್ಲೆಲ್ಲಿ ಮುರಿಯುವುದೆಂಬುದು ಪ್ರತಿದಿನವೂ ಆ ಪ್ರಶ್ನೆಯನ್ನು ಎದುರಿಸುವವರಿಗೆ ಗೊತ್ತು.

ಎರಡನೆಯದು ಅಕ್ಷರದ ವಿಚಾರ. ಯೂನಿಕೋಡ್ ಬಳಕೆಗೆ ಬರುವ ಮುನ್ನ 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳಲ್ಲಿ ಕನ್ನಡವನ್ನು ಬೆರಳಚ್ಚು ಮಾಡುತ್ತಿದ್ದಾಗ, ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಯಂತ್ರದ ಒಡಲಲ್ಲಿ ಇರುತ್ತಿದ್ದುದು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳು. ಆ ಅಚ್ಚಿನ ಮೊಳೆಗಳ ಕಟ್ಟು ಇಲ್ಲದ ಬೇರೊಂದು ಯಂತ್ರದಲ್ಲಿ ತೆರೆದರೆ ಅದೇ ಪಟ್ಟಿಯು ಅರ್ಥವಿಲ್ಲದ ಗೀಚಾಗುವುದು. ಹೊಸ ರೀತಿಯಲ್ಲಿ ಹುಡುಕಿದರೆ ಹಳೆಯ ನಮೂದು ಸಿಕ್ಕದು. ಹೀಗೆ ಎಷ್ಟೋ ದಿನಗಳ ದುಡಿಮೆಯು ಇದ್ದೂ ಇಲ್ಲದಂತಾಗುವುದು. ಉಳವಿಗೆ ಬಂದ ಓಲೆಗಳ ಐತಿಹ್ಯವನ್ನು ಭಕ್ತಿಯಿಂದ ಸ್ಮರಿಸುವ ನಾಡಿನಲ್ಲಿ, ಓದಲಾಗದ ಕಡತದ ಈ ಸದ್ದಿಲ್ಲದ ನಾಶವು ಸಾಹಿತ್ಯದ ಸಂಗತಿಯೇ ಸರಿ.

5

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳನ್ನು ಅಲ್ಲಗಳೆಯಲಾಗದು. ಯಂತ್ರದ ವಿಷಯವು ಸೂಕ್ಷ್ಮವಾದುದು. ಅದಕ್ಕೆ ಪಾರಿಭಾಷಿಕವಾದ ಮಾತೂ ಜಗತ್ತೆಲ್ಲ ಒಪ್ಪುವ ಮಾನವೂ ಬೇಕು. ಯೂನಿಕೋಡ್ ಎಂಬ ಏರ್ಪಾಡು ತಜ್ಞರ ಸಮಿತಿಗಳಿಂದ ಬಂದುದೇ ಹೊರತು ಹಳ್ಳಿಯ ಜಗುಲಿಯಿಂದ ಬಂದುದಲ್ಲ. ಮೇಲಾಗಿ, ಮೇಲ್ವಿಚಾರಕರಿಗೆ ಸರ್ಕಾರವೂ ಸಂಸ್ಥೆಗಳೂ ತರಬೇತಿಯನ್ನು ಕೊಡುತ್ತಿರುವಾಗ ಸಮ್ಮೇಳನದ ಅವಶ್ಯಕತೆಯೇನೆಂದು ಕೇಳುವವರೂ ಉಂಟು.

ಮೊದಲನೆಯ ಮಾತಿಗೆ ಉತ್ತರವು ಗ್ರಂಥಾಲಯ ಯಂತ್ರಗಳ ಇತಿಹಾಸದಲ್ಲಿಯೇ ಇದೆ. ಇಂದು ಕರ್ನಾಟಕದ ಅನೇಕ ಕಾಲೇಜು ಗ್ರಂಥಾಲಯಗಳು ಬಳಸುವ 'ಕೋಹಾ' ಎಂಬ ಮುಕ್ತ ತಂತ್ರಾಂಶವು ಯಾವ ಮಹಾನಗರದಲ್ಲಿಯೂ ಹುಟ್ಟಲಿಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಸೀಮೆಯ ಗ್ರಂಥಾಲಯದವರು, ತಮ್ಮ ಹಳೆಯ ತಂತ್ರಾಂಶವು 2000ನೆಯ ವರ್ಷವನ್ನು ದಾಟಲಾರದೆಂದು ಕಂಡು, 1999ರಲ್ಲಿ ಕಾಟಿಪೊ ಎಂಬ ಸಣ್ಣ ಸಂಸ್ಥೆಯಿಂದ ಅದನ್ನು ಮಾಡಿಸಿದರು; 2000ದ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ದೂರದ ಶಾಖೆಗಳನ್ನು ಸಾಮಾನ್ಯವಾದ ದೂರವಾಣಿ ತಂತಿಯಿಂದ ಜೋಡಿಸಬೇಕೆಂಬ ಅವರ ಬಡತನದ ಅಗತ್ಯವೇ ಆ ತಂತ್ರಾಂಶದ ರೂಪವನ್ನು ನಿರ್ಣಯಿಸಿತು. ಅವರು ಅದನ್ನು ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟುದರಿಂದ ಅದನ್ನು ಬಳಸುವವರ ಸಮ್ಮೇಳನವು ದೇಶದಿಂದ ದೇಶಕ್ಕೆ ಸಂಚರಿಸಿ, 2011ರಲ್ಲಿ ಮುಂಬಯಿಯ ಬಳಿಯ ಠಾಣೆಯಲ್ಲಿಯೂ ಕೂಡಿತು. ಅಂಚಿನ ಸ್ಥಳದ ತೊಡಕನ್ನು ಅಲ್ಲಿಯವರೇ ಹೇಳಿದರೆ ಅದು ಜಗತ್ತಿನ ಉಪಯೋಗಕ್ಕೆ ಬರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸಂಪರ್ಕವಿಲ್ಲದ ಮಜರೆಗಳಿಗೆ ಪುಸ್ತಕವನ್ನು ಮುಟ್ಟಿಸಬೇಕಾದ ಜೊಯಿಡಾದ ತೊಡಕೂ ಅದೇ ಜಾತಿಯದು.

ಎರಡನೆಯ ಮಾತಿಗೆ ಉತ್ತರವು ತರಬೇತಿಗೂ ಸಮ್ಮೇಳನಕ್ಕೂ ಇರುವ ಭೇದದಲ್ಲಿದೆ. ತರಬೇತಿಯಲ್ಲಿ ಉತ್ತರವು ಮೊದಲೇ ಸಿದ್ಧವಾಗಿರುವುದು. ಸಮ್ಮೇಳನದಲ್ಲಿ ಪ್ರಶ್ನೆಯೇ ಹೊಸದಾಗಿ ಹುಟ್ಟಬೇಕು. ಒಂದರಲ್ಲಿ ಕೆಲಸಗಾರರು ಕೇಳುವರು. ಇನ್ನೊಂದರಲ್ಲಿ ಅವರು ಹೇಳಬೇಕು. ತರಬೇತಿಯು ಎಷ್ಟು ಚೆನ್ನಾಗಿದ್ದರೂ ಕಲಿಸುವವನನ್ನು ತಿದ್ದುವ ಲಕ್ಕಮ್ಮನಿಗೆ ಅದರಲ್ಲಿ ಸ್ಥಳವಿಲ್ಲ.

ಸಭೆಗೆ ಹೋಗುವ ಅವಕಾಶವನ್ನು ತಡೆಯುವ ಕಾರಣಗಳೂ ಸಾಹಿತ್ಯದ ಆಚೆಯವೆಂದು ಬಿಡುವಂತಿಲ್ಲ. ಪ್ರವೇಶದ ಶುಲ್ಕ, ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ, ವಸತಿಯ ಖರ್ಚು ಇವು ಎಲ್ಲರಿಗೂ ತಿಳಿದವು. ಅಷ್ಟಾಗಿ ಎಣಿಕೆಗೆ ಬಾರದ ಒಂದು ಕಾರಣವಿದೆ. ಒಬ್ಬರೇ ನಡೆಸುವ ಗ್ರಂಥಾಲಯದಲ್ಲಿ ಆ ಒಬ್ಬರು ಸಮ್ಮೇಳನಕ್ಕೆ ಹೋದರೆ ಬಾಗಿಲಿಗೆ ಬೀಗ ಬೀಳುವುದು. ವಿಶ್ವವಿದ್ಯಾಲಯದ ಗ್ರಂಥಪಾಲನು ಮೂರು ದಿನ ಇಲ್ಲದಿದ್ದರೆ ಓದುಗರಿಗೆ ಅದು ತಿಳಿಯದು. ಜೊಯಿಡಾದ ಒಂದು ಪಂಚಾಯಿತಿಯ ಮೇಲ್ವಿಚಾರಕರು ಒಂದು ದಿನ ಇಲ್ಲದಿದ್ದರೆ ಶಾಲೆ ಬಿಟ್ಟು ಬಂದ ಮಕ್ಕಳು ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗಬೇಕು. ಓದುಗನ ಕಾಲವನ್ನು ಉಳಿಸಬೇಕೆಂಬ ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ಪಾಲಿಸುವವರು ಆ ಸೂತ್ರವನ್ನು ಚರ್ಚಿಸುವ ಸಭೆಗೆ ಹೋಗಲಾರದೆ ಉಳಿಯುವುದು ವಿಪರ್ಯಾಸ. ಆದುದರಿಂದ ಕೆಲಸಗಾರರನ್ನು ಸಭೆಗೆ ಕರೆಯುವ ಏರ್ಪಾಡಿನಲ್ಲಿ ಪ್ರಯಾಣದ ಖರ್ಚಿಗಿಂತಲೂ ಮೊದಲು ಬರಬೇಕಾದುದು ಆ ದಿನಗಳಲ್ಲಿ ಬಾಗಿಲನ್ನು ತೆರೆಯುವ ಬದಲಾಳಿನ ಏರ್ಪಾಡು. ಅಥವಾ ಕೆಲಸಗಾರರು ಸಭೆಗೆ ಹೋಗುವ ಬದಲು ಸಭೆಯೇ ತಾಲ್ಲೂಕಿಗೆ ಬರಬೇಕು. ಪಂಚಸೂತ್ರಗಳ ದಾರಿಯಲ್ಲಿಯೇ ಯೋಚಿಸುವುದಾದರೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವಿರುವಂತೆ ಪ್ರತಿಯೊಬ್ಬ ಕೆಲಸಗಾರನಿಗೂ ಅವನ ಸಭೆಯಿರಬೇಕೆಂಬುದು ಅವುಗಳಿಂದ ಸಹಜವಾಗಿ ಹೊರಡುವ ತೀರ್ಮಾನ.

ಇದು ಕೈಗೂಡದ ಕನಸೆಂದು ಭಾವಿಸಬೇಕಾಗಿಲ್ಲ. ಜೊಯಿಡಾದಲ್ಲಿಯೇ ಇದಕ್ಕೆ ಒಂದು ಮೇಲ್ಪಂಕ್ತಿಯುಂಟು. ಈಚಿನ ವರ್ಷಗಳಲ್ಲಿ ಅಲ್ಲಿ ನಡೆದುಬಂದಿರುವ ಗೆಡ್ಡೆಗೆಣಸಿನ ಮೇಳದಲ್ಲಿ ಕುಣಬಿ ಬೇಸಾಯಗಾರರು ತಮ್ಮ ಹಿತ್ತಿಲಿನಲ್ಲಿಯೂ ಕುಮರಿಯಲ್ಲಿಯೂ ಉಳಿಸಿಕೊಂಡು ಬಂದ ನಾನಾ ಬಗೆಯ ಗೆಡ್ಡೆಗಳನ್ನು ತಂದು ಹರಡುತ್ತಾರೆ; ನೋಡಲು ಬರುವವರಲ್ಲಿ ಸಸ್ಯಶಾಸ್ತ್ರವನ್ನು ಓದಿದವರೂ ಇರುತ್ತಾರೆ. ಯಾವ ಗೆಡ್ಡೆಯನ್ನು ಯಾವ ಮಣ್ಣಿನಲ್ಲಿ ಊರಬೇಕು, ಹಂದಿಯಿಂದ ಹೇಗೆ ಕಾಯಬೇಕು, ಹೇಗೆ ಬೇಯಿಸಿದರೆ ನವೆಯಾಗದು ಎಂಬುದನ್ನು ಹೇಳಬಲ್ಲವರು ಬೆಳೆದವರೇ. ಅಲ್ಲಿ ಪ್ರಬಂಧವು ಓದಲ್ಪಡುವುದಿಲ್ಲ. ವಸ್ತುವು ಎದುರಿಗಿರುವುದು, ಅದನ್ನು ಬಲ್ಲವರು ಅದರ ಹಿಂದೆ ಕುಳಿತಿರುವರು. ಗ್ರಂಥಾಲಯದ ಕೆಲಸಗಾರರೂ ಹೀಗೆಯೇ ತಮ್ಮ ಸೂಚಿ, ತಮ್ಮ ಕೆಟ್ಟ ಯಂತ್ರ, ಮಕ್ಕಳು ಹೆಚ್ಚು ಕೇಳಿದ ಪುಸ್ತಕ, ಯಾರೂ ಮುಟ್ಟದೆ ಉಳಿದ ಪುಸ್ತಕ ಇವುಗಳನ್ನು ಎದುರಿಗಿಟ್ಟುಕೊಂಡು ತಮ್ಮ ಮಾತಿನಲ್ಲಿ ಮಾತನಾಡಿದರೆ ತಜ್ಞರಿಗೆ ಕಲಿಯುವುದಕ್ಕೆ ಬೇಕಾದಷ್ಟು ಇರುವುದು.

ಅನಂತರ ಬರುವುದು ಸಂಪಾದಕನ ಕೆಲಸ. ಇಲ್ಲಿಯೇ ಸಾಹಿತ್ಯದ ಅಧ್ಯಾಪಕರ ನೆರವು ಬೇಕಾಗುವುದು. ಶಿವಗಣಪ್ರಸಾದಿ ಮಹಾದೇವಯ್ಯನು ಹಗ್ಗ ಹೊಸೆಯುವವನ ಮಾತನ್ನು ಪಂಡಿತನ ಮಾತಾಗಿ ತಿದ್ದಲಿಲ್ಲ. ಅದನ್ನು ಅದರ ಸ್ಥಳದಲ್ಲಿರಿಸಿ, ಅದಕ್ಕೆ ಯಾವ ಪ್ರಶ್ನೆಯು ಕಾರಣವಾಯಿತೆಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ, ಮುಂದಿನವನಿಗೆ ಎಡೆಮಾಡಿಕೊಟ್ಟನು. ಸಮ್ಮೇಳನದ ಸಂಪುಟಗಳನ್ನು ಸಿದ್ಧಪಡಿಸುವವರು ಈ ಕ್ರಮವನ್ನು ಅನುಸರಿಸಬಹುದು. ಹೇಳಿದವರ ಹೆಸರು, ಅವರ ಊರು, ಅವರ ಕೆಲಸ, ಅವರು ಎದುರಿಸಿದ ಪ್ರಶ್ನೆ, ಅವರು ಸೋತ ಅಥವಾ ಗೆದ್ದ ಬಗೆ ಇಷ್ಟು ಉಳಿದರೆ ಆ ಸಂಪುಟವು ಇಪ್ಪತ್ತು ವರ್ಷಗಳ ಮೇಲೂ ಓದತಕ್ಕುದಾಗುವುದು. ಯಂತ್ರಗಳು ಅಷ್ಟರೊಳಗೆ ಹಳೆಯವಾಗಿರುವುವು. ಕೆಲಸದ ಅರಿವು ಹಳೆಯದಾಗದು. 1924ರಲ್ಲಿ ಬೆಳಗಾವಿಗೆ ಬಂದ ಸಭೆಯು ಸೂಪಾ ಸೀಮೆಯ ಅಂಚಿನವರೆಗೆ ಬಂದು ನಿಂತಿತು. ಅದು ಉಳಿದ ದಾರಿಯನ್ನು ನಡೆದು ಜೊಯಿಡಾದ ಒಂದು ಪಂಚಾಯಿತಿ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಕಿವಿಗೊಟ್ಟಾಗ ಕನ್ನಡದ ಗ್ರಂಥಾಲಯ ವಾಙ್ಮಯಕ್ಕೆ ತನ್ನದೇ ಆದ ಒಂದು ಗದ್ಯವು ದೊರೆಯುವುದು.